ಕ್ವಾರಿಯ ನಾಲ್ಕನೇ ತಿರುವು

ಎಳ್ಳಮಾಸಿ ಮುಗಿದ ಮಾರನೆಯ ದಿನ. ಹೊತ್ತು ಒಂದು ಮಾರು ಏರಿತ್ತು. ಹೊಲದಲ್ಲಿ ಹಿಂಗಾರಿ ಜೋಳ ನಡುಮಟ್ಟ ಬಂದು ಇಬ್ಬನಿಗೆ ತೊಯ್ದು ನಿಂತಿತ್ತು. ಆಗ ನಾಗಲಿಂಗ ಸಾವ್ಕಾರ ತನ್ನ ಕೆಂಪು ಕಾರು ತಂದು, ಇಳಕಲ್ಲಿನ ಹೊರಗೆ ಹುನಗುಂದ ರಸ್ತೆಗಿರುವ ಜಾಫರಸಾಬನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಎಲ್ಲ ಶುರುವಾದದ್ದು ಆ ಹೊತ್ತಿಗೆ.

ನಾಗಲಿಂಗನಿಗೆ ಮೂರು ಗ್ರಾನೈಟ್ ಕ್ವಾರಿ, ಒಂದು ಪಾಲಿಶ್ ಫ್ಯಾಕ್ಟರಿ. ಕಲ್ಲು ತೀರಿಹೋದ ಒಂದು ಹಳೆಯ ಕ್ವಾರಿಯ ನೆಲಕ್ಕೆ ಡಾಂಬರು ಹಾಕಿಸಿ ಕಾರು ಓಡಿಸುವ ಟ್ರ್ಯಾಕ್ ಮಾಡಿಕೊಂಡಿದ್ದ. ಹುಬ್ಬಳ್ಳಿ, ಬೆಳಗಾವಿಯ ಗೆಳೆಯರು ಬಂದು, ಗಡಿಯಾರ ಹಿಡಿದು, ಒಬ್ಬೊಬ್ಬರಾಗಿ ಓಡಿಸುವವರು. ಕೆಂಪು ಕಾರು ಎರಡು ಬಾಗಿಲಿನದು, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವಂಥದ್ದು. ಆದರೆ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಅದನ್ನು ಹದಕ್ಕೆ ತರಬೇಕಿತ್ತು. ಬಾಗಲಕೋಟೆಯಿಂದ ಇತ್ತ, ಕಬ್ಬಿಣದ ಸಪ್ಪಳ ಕೇಳಿ ಬೇನೆ ಹೇಳುವ ಮೇಸ್ತ್ರಿ ಜಾಫರಸಾಬ ಒಬ್ಬನೇ.

ಚಹಾ ಕುಡಿಯುತ್ತ ಸಾವ್ಕಾರ ತಾನಾಗಿಯೇ ಮಾತು ತೆಗೆದ.

“ರಾಜಮಹ್ಮದನ ಮಾತು ಇನ್ನೂ ಮನಸಿನ್ಯಾಗ ಇಟ್ಕೊಂಡಿಯೇನು ಸಾಬ? ಬೋಲ್ಟ್ ಸಡಲಿತ್ತು ಅಂತ ನಾ ಆವಾಗ ಹಂಗ ಹೇಳಬೇಕಾಗಿತ್ತು. ಓವರ್‌ಲೋಡ್ ಅಂದಿದ್ರ ಕ್ವಾರಿನ ಬಂದ್ ಬೀಳ್ತಿತ್ತು.”

ರಾಜಮಹ್ಮದ ಅಂದರೆ ಜಾಫರಸಾಬನ ತಮ್ಮ. ನಾಗಲಿಂಗನ ಟಿಪ್ಪರ್ ಓಡಿಸುತ್ತಿದ್ದ. ಏಳು ವರ್ಷದ ಹಿಂದೆ ಬಾದಾಮಿ ಹತ್ತಿರದ ಇಳಿಜಾರಿನಲ್ಲಿ ಟಿಪ್ಪರ್ ಉರುಳಿ ಸತ್ತ. ಎರಡು ದಿನ ಮೊದಲು ಅದರ ಬ್ರೇಕ್ ಕೆಲಸ ಮಾಡಿಕೊಟ್ಟವ ಜಾಫರಸಾಬ. ಮೇಸ್ತ್ರಿ ಬೋಲ್ಟ್ ಬಿಗಿ ಮಾಡಿರಲಿಲ್ಲ ಅಂತ ಸಾವ್ಕಾರ ಹೇಳಿಕೆ ಕೊಟ್ಟ. ಯಾರಾದರೂ ಬಗ್ಗಿ ನೋಡುವ ಮೊದಲೇ ಟಿಪ್ಪರ್ ಗುಜರಿಗೆ ಹೋಗಿ ಚೂರಾಗಿತ್ತು. ಕೇಸು ಅಲ್ಲಿಗೇ ಮುಚ್ಚಿತು, ಊರ ಬಾಯಿ ಮುಚ್ಚಲಿಲ್ಲ. ತಮ್ಮನ ಹೆಂಡತಿ ಮೆಹರುನ್ನಿಸಾ ಬಾಗಿಲಲ್ಲಿ ನಿಂತು, “ನಿಮ್ಮ ಕೈಯಿಂದನ ಹಿಂಗಾತಲ್ಲ ಭಾಯಿ,” ಅಂದವಳು, ಮತ್ತೆ ಅವನ ಜೊತೆ ಮಾತಾಡಲಿಲ್ಲ. ಒಂದೇ ಅಂಗಳ, ಎರಡು ಬಾಗಿಲು. ಏಳು ವರ್ಷ.

ಅವತ್ತಿನಿಂದ ಜಾಫರಸಾಬ ತಾನು ಬಿಗಿ ಮಾಡಿದ ಪ್ರತಿ ಬೋಲ್ಟಿಗೂ, ನಟ್ಟಿನಿಂದ ಪಕ್ಕದ ಕಬ್ಬಿಣದ ತನಕ, ಒಂದು ಹಳದಿ ಗೆರೆ ಎಳೆಯುತ್ತಿದ್ದ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚುವ ಬಣ್ಣ. ನಟ್ಟು ಜೋಳದ ಕಾಳಿನಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಮುರಿಯದಿದ್ದರೆ ಬೋಲ್ಟು ಜಾಫರಸಾಬ ಬಿಟ್ಟಂತೆಯೇ ಇದೆ ಅಂತ ಅರ್ಥ. ಬಣ್ಣದ ಸಣ್ಣ ಡಬ್ಬಿ, ಕಡ್ಡಿಯಂಥ ಕುಂಚ ಸದಾ ಅಂಗಿಯ ಕಿಸೆಯಲ್ಲಿ. ಲಾರಿಯವರು ಈಗ ಗೆರೆ ನೋಡಿಯೇ ಗಾಡಿ ಒಯ್ಯುವವರು.

ಜಾಫರಸಾಬ ಕಪ್ಪು ಕೆಳಗಿಟ್ಟ. “ಈಗ ಅಂದ ಮಾತು ಒಮ್ಮೆ ಮೆಹರುನ್ನಿಸಾನ ಮುಂದ ಅನ್ರಿ ಸಾವ್ಕಾರ್ರ. ನನಗ ಮತ್ತೇನೂ ಬ್ಯಾಡ.”

“ಮಾಯ್ದ ಹುಣ್ಣು ಯಾಕ ಕೆರೀತಿ?” ಸಾವ್ಕಾರ ನಕ್ಕ. “ಕಾರ್ ನೋಡು.”

ಜಾಫರಸಾಬ ಕಾರು ನೋಡಿದ. ಸುಳ್ಳನ್ನು ಏಳು ವರ್ಷ ಹೊತ್ತಿದ್ದ. ಖರೆ ಮಾತನ್ನು ಒಂದು ದಿನ ಹೊರಲಿಕ್ಕೆ ಆಗಲಿಲ್ಲ. ಅದನ್ನು ಹೇಳಬಲ್ಲ ಬಾಯಿ ಲೋಕದಲ್ಲಿ ಒಂದೇ ಇತ್ತು, ಅದು ಚಹಾ ಕುಡಿದು ಎದ್ದು ಹೋಯಿತು. ಆ ರಾತ್ರಿಯೇ ಅವ ಮನಸ್ಸಿನಲ್ಲಿ ಗಟ್ಟಿ ಮಾಡಿದ, ಸಾವ್ಕಾರ ಈ ಕಾರಿನಲ್ಲೇ ಸಾಯಬೇಕು.

ಕಾರಿನ ಕೆಳಗೆ ಎಡಗಾಲಿ ಬಲಗಾಲಿಯನ್ನು ಕೂಡಿಸುವ ಒಂದು ಉಕ್ಕಿನ ರಾಡು ಇರುತ್ತದೆ, ಮುಂದೊಂದು, ಹಿಂದೊಂದು. ಸ್ವೇ ಬಾರ್ ಅಂತಾರೆ. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲಿದಾಗ ಇದು ತಿರುಚಿಕೊಂಡು ವಾಲದಂತೆ ತಡೆಯುತ್ತದೆ. ಈ ಕಾರಿನ ರಾಡಿನ ತುದಿಗೆ ಮೂರು ಮೂರು ತೂತು. ಹೊರಗಿನ ಒಂದನೇ ತೂತಿಗೆ ಗಾಲಿಯ ಕೊಂಡಿ ಹಾಕಿದರೆ ರಾಡು ಮೆತ್ತಗೆ, ಒಳಗಿನ ಮೂರನೇ ತೂತಿಗೆ ಹಾಕಿದರೆ ಬಿರುಸು. ಮುಂದಿನದು ಬಿರುಸಾದರೆ ಕಾರು ತಿರುಗದೆ ನೆಟ್ಟಗೆ ಓಡುತ್ತದೆ. ಹಿಂದಿನದು ಬಿರುಸಾದರೆ ಬಾಲ ಜಾರುತ್ತದೆ. ನಡುವೆ ಎಲ್ಲೋ ಒಂದು ಹದ ಇದೆ. ರೊಟ್ಟಿಯ ಹಿಟ್ಟಿನ ಹಾಗೆ, ಅದು ಕೈಗೇ ಗೊತ್ತಾಗಬೇಕು.

ನಾಲ್ಕು ಐತವಾರ ಜಾಫರಸಾಬ ಕ್ವಾರಿಗೆ ಹೋಗಿ ಆ ಹದ ಹುಡುಕಿದ. ಕೆಡಿಸಲಿಕ್ಕೂ ಮೊದಲು ಸರಿ ಮಾಡಬೇಕಲ್ಲ. ನಾಲ್ಕನೇ ತಿರುವಿನಲ್ಲಿ ಕಾರು ಹೊರಗೆ ಹೊರಗೆ ಓಡುತ್ತಿತ್ತು. ಮುಂದಿನ ಕೊಂಡಿ ಮೂರನೇ ತೂತಿನಿಂದ ಎರಡಕ್ಕೆ ತಂದ, ಹಿಂದಿನದನ್ನು ಒಂದರಲ್ಲೇ ಇಟ್ಟ. ಕಾರು ಮಗ್ಗದ ಲಾಳಿಯ ಹಾಗೆ ಹೋಗಿ ಬಂತು. ಸಾವ್ಕಾರ ಇಳಿದು ಬೆನ್ನು ಚಪ್ಪರಿಸಿದ. ಜಾಫರಸಾಬನಿಗೆ ಒಂದು ಗಳಿಗೆ ಖುಷಿಯಾಯಿತು. ಆ ಖುಷಿಗೆ ಅವನಿಗೇ ನಾಚಿಕೆಯಾಯಿತು.

ನಾಲ್ಕನೇ ತಿರುವೇ ಅವನಿಗೆ ಬೇಕಾದದ್ದು. ಅಲ್ಲಿ ವೇಗ ಭಾಳ, ತಿರುವಿನ ಹೊರ ಮಗ್ಗುಲಿಗೆ ಬ್ಯಾಡಾದ ಗ್ರಾನೈಟ್ ಬಂಡೆಗಳ ಸಾಲು. ಸಾವ್ಕಾರ ಪ್ರತಿ ಸಲ ಅಲ್ಲಿ ಎಕ್ಸಿಲೇಟರ್ ಮೇಲಿನ ಕಾಲು ಒಮ್ಮೆಲೇ ಎತ್ತುತ್ತಾನೆ. ಹಿಂದಿನ ರಾಡು ಮೂರನೇ ತೂತಿನಲ್ಲಿದ್ದು, ಅವ ಕಾಲೆತ್ತಿದರೆ, ಬಾಲ ನಿಲ್ಲುವುದಿಲ್ಲ.

ಏನೂ ಸಡಿಲ ಇರಬಾರದು. ಸಡಿಲ ಕಂಡರೆ ಮೇಸ್ತ್ರಿಯ ಹೆಸರು ಬರುತ್ತದೆ, ಅದನ್ನು ಒಮ್ಮೆ ನೋಡಿದ್ದಾಗಿದೆ. ಎಲ್ಲ ಗಟ್ಟಿಯಾಗಿ, ಬಿಗಿಯಾಗಿ, ತಪ್ಪು ತೂತಿನಲ್ಲಿರಬೇಕು. ತೂತು ಬದಲಿಸಿದವರು ಯಾರು ಅಂತ ಕೇಳಿದರೆ ಉತ್ತರ ಊರಿಗೇ ಗೊತ್ತು. ಸಾವ್ಕಾರನಿಗೆ ತಾನೇ ಕಾರಿನ ಕೆಳಗೆ ಹೊಕ್ಕು ಕೊಂಡಿ ಬದಲಿಸುವ ಚಟ. ಹಾಗೆ ಮಾಡುವುದನ್ನು ಮೊಬೈಲಿನಲ್ಲಿ ಹಿಡಿಸಿ ಎಲ್ಲರಿಗೂ ಕಳಿಸಿದ್ದ. ಅವನ ಹೊಳೆಯುವ ಪಾನಾ ಸೆಟ್ಟು, ಬೋಲ್ಟ್ ತಿರುವುವ ಸ್ಪ್ಯಾನರುಗಳು, ಕಾರಿನ ಡಿಕ್ಕಿಯಲ್ಲೇ ಇರುತ್ತಿತ್ತು. ಕೆಲಸ ಅದರಿಂದಲೇ ಆಗಬೇಕು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಹಳದಿ ಗೆರೆ. ಕೊನೆಯ ಐತವಾರ, ಸಾವ್ಕಾರನ ಮುಂದೆ, ಕ್ವಾರಿಯ ಉಸ್ತುವಾರಿ ಅಮಾತೆಪ್ಪನ ಮುಂದೆ, ಹಿಂದಿನ ರಾಡಿನ ಒಂದನೇ ತೂತಿನಲ್ಲಿ ಕೊಂಡಿ ಬಿಗಿದು ಗೆರೆ ಎಳೆದ. ಅದನ್ನು ಬಿಚ್ಚಿದರೆ ಗೆರೆ ಮುರಿಯುತ್ತದೆ. ಮುರಿದ ಗೆರೆ ತಾನೇ ಬಾಯಿ ಬಿಟ್ಟು ಹೇಳುತ್ತದೆ, ಜಾಫರಸಾಬ ಸರಿಯಾಗಿ ಕೊಟ್ಟಿದ್ದ, ಆಮೇಲೆ ಬೇರೆ ಕೈ ಆಡಿದೆ ಅಂತ. ಏಳು ವರ್ಷ ಅವನ ಮಾನ ಕಾದ ಗೆರೆ ಈಗ ಜೀವವನ್ನೂ ಕಾಯುತ್ತದೆ.

ಸಂಕ್ರಾಂತಿ ಮುಂದಿನ ಬುಧವಾರ ಓಟ. ಬೆಳಿಗ್ಗೆ ಅಮಾತೆಪ್ಪ ಕಾರಿಗೆ ಕಾಯಿ ಒಡೆದ. ಎಲ್ಲರೂ ಶಾಮಿಯಾನದ ಕೆಳಗೆ ಉಪ್ಪಿಟ್ಟಿಗೆ ಕೂತರು. ಟೈರಿನ ಗಾಳಿ ನೋಡ್ತೇನಿ ಅಂತ ಜಾಫರಸಾಬ ಶೆಡ್ಡಿಗೆ ಹೋದ. ಕಣ್ಣು ಮುಚ್ಚಿ ಮಾಡಿ ಮಾಡಿ ರೂಢಿಯಾಗಿತ್ತು, ಒಂದು ಮಗ್ಗುಲಿಗೆ ನಾಲ್ಕು ನಿಮಿಷ. ಸಾವ್ಕಾರನ ಪಾನಾ ಹಿಡಿದು ಕಾರಿನ ಹಿಂಬದಿಯ ಕೆಳಗೆ ಬೆನ್ನ ಮೇಲೆ ಸರಿದ. ಎಡಗಡೆ ಬಿಚ್ಚಿ, ಮೂರಕ್ಕೆ ಹಾಕಿ, ಬಿಗಿ ಮಾಡಿದ. ಬಲಗಡೆ ಬಿಚ್ಚಿ, ಮೂರಕ್ಕೆ ಹಾಕಿ, ಬಿಗಿ ಮಾಡಿದ. ಅರೆಬಿಗಿ ಮಾಡಲಿಕ್ಕೆ ಅವನ ಕೈಗೆ ಬರುತ್ತಿರಲಿಲ್ಲ. ಮನಸ್ಸು ಹೊರಗಿನ ಹೆಜ್ಜೆ ಸಪ್ಪಳ ಕೇಳುತ್ತಿತ್ತು, ಕೈ ತನ್ನ ಪಾಡಿಗೆ ಕೆಲಸ ಮುಗಿಸಿತು.

“ಸಾಬ, ಉಪ್ಪಿಟ್ಟು ಆರಾಕತ್ತೈತಿ. ಗಾಳಿ ನೋಡ್ತಿಯೋ ಗಾಳಿ ತಯಾರ ಮಾಡ್ತಿಯೋ?” ಅಮಾತೆಪ್ಪ ಕೂಗಿದ.

ಪಾನಾ ಒರೆಸಿ ಡಿಕ್ಕಿಯಲ್ಲಿಟ್ಟು ಬಂದ. ನಳದ ಕೆಳಗೆ ಕೈ ತಿಕ್ಕಿ ತೊಳೆದ. ಉಗುರಿನ ಸಂದಿಯ ಹಳದಿ ಹೋಗಲಿಲ್ಲ. ಅದು ಏಳು ವರ್ಷದಿಂದ ಹೋಗಿರಲಿಲ್ಲ.

ಸಾವ್ಕಾರ ಸೀಟಿನ ಪಟ್ಟಿ ಕಟ್ಟಿಕೊಂಡು ಕೂತು, ಕಿಟಕಿ ಇಳಿಸಿ ಅವನನ್ನು ಕರೆದ.

“ಮಾರಿ ಯಾಕ ಹಂಗ ಮಾಡ್ಕೊಂಡಿ ಸಾಬ? ಆತು ತಗೋ. ನಾಳಿ ನಿಮ್ಮ ಮನಿಗೆ ಬರ್ತೇನಿ. ಆ ಹೆಣ್ಣಮಗಳ ಮುಂದ ಹೇಳ್ತೇನಿ, ನಿಂದೇನೂ ತಪ್ಪಿಲ್ಲಂತ. ಸಾಯೋದ್ರಾಗ ಒಮ್ಮೆ ಹೇಳಬೇಕಲ್ಲ.”

ಖರೆ ಅಂದನೋ, ಚೇಷ್ಟೆಗೆ ಅಂದನೋ, ದೇವರಿಗೇ ಗೊತ್ತು. ಕಿಟಕಿ ಏರಿತು. ಜಾಫರಸಾಬ ಅಂಗೈಯಿಂದ ಗಾಜಿಗೆ ಬಡಿದ. ಒಮ್ಮೆ, ಮತ್ತೊಮ್ಮೆ. ಹರಸಿದ ಅಂತ ತಿಳಿದು ಸಾವ್ಕಾರ ಹೆಬ್ಬೆರಳು ಎತ್ತಿ ತೋರಿಸಿ ಹೋದ. ನಿಲ್ಲಿಸ್ರಿ ಅಂತ ಇವ ಓಡಿದ. ಎಂಜಿನ್ನಿನ ಅಬ್ಬರದಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ. ಶಾಮಿಯಾನದವರು ಮೇಸ್ತ್ರಿಗೂ ಹುರುಪು ಬಂತು ಅಂತ ಚಪ್ಪಾಳೆ ತಟ್ಟಿದರು. ಅಮಾತೆಪ್ಪ ರಟ್ಟೆ ಹಿಡಿದು ಹಿಂದೆ ಎಳೆದ. ಒಂದು ತಿರುವು ಹೋಯಿತು, ಎರಡು, ಮೂರು. ನಾಲ್ಕರಲ್ಲಿ ಕಾಲೆತ್ತಿದ್ದು ಸಪ್ಪಳದಿಂದಲೇ ಗೊತ್ತಾಯಿತು. ಬಾಲ ಹೊರಳಿ, ಕಾರು ಹಿಂದುಮುಂದಾಗಿ ಬಂಡೆಗಳಿಗೆ ಹೊಡೆದು, ಮಗ್ಗುಲಾಗಿ ಬಿತ್ತು. ನಾಗಲಿಂಗ ದವಾಖಾನಿ ಮುಟ್ಟಲಿಲ್ಲ.

ಗುರುವಾರ ಮಣ್ಣು ಮಾಡಿದರು. ಅವತ್ತು ಸಂಜೆ ಜಾಫರಸಾಬ ಮೆಹರುನ್ನಿಸಾಳ ಬಾಗಿಲ ಮುಂದೆ ಹೋಗಿ ನಿಂತ. ಇವತ್ತು ಸಾವ್ಕಾರ ಇಲ್ಲಿಗೆ ಬರುವವನಿದ್ದ ಅಂತ ಹೇಳಬೇಕಿತ್ತು. ಸತ್ತವನ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಕೇಳಿ, ತಿರುಗಿ ಬಂದ.

ಶುಕ್ರವಾರ ಹುನಗುಂದದ ಪೊಲೀಸ್ ಸಾಹೇಬ ಕ್ವಾರಿಗೆ ಕರೆಸಿದ. ಜುಮ್ಮಾ ನಮಾಜಿನ ದಿನ ಅಂತ ಬಿಳಿ ಅಂಗಿ ತೊಟ್ಟೇ ಹೋದ. ಕಾರು ತಾಡಪತ್ರಿ ಹೊದ್ದು ಬಿದ್ದಲ್ಲೇ ಇತ್ತು. ಎಲ್ಲ ಅಂದುಕೊಂಡಂತೆಯೇ ನಡೆಯಿತು. ಸಾಹೇಬ ಸಾವ್ಕಾರನ ಮೊಬೈಲಿನ ಚಿತ್ರ ನೋಡಿ ಮುಗಿಸಿದ್ದ. ತಾನೇ ಬಿಚ್ಚಿ ತಾನೇ ಕೆಡಿಸಿಕೊಂಡಾನ, ನೀವೊಂದು ಮಾತು ಹೇಳಿದರೆ ಬರೆದುಕೊಂಡು ಹೋಗ್ತೇನಿ ಅಂದ. ಜಾಫರಸಾಬ ಬಾಯಿ ತೆಗೆಯುವುದರೊಳಗೆ ಅಮಾತೆಪ್ಪ ನಡುವೆ ಬಂದ. ಏಳು ವರ್ಷದ ಹಿಂದೆ ಗೆಳೆಯ ಜಾಫರಸಾಬನ ಪರ ಬಾಯಿ ಬಿಡಲಾರದೆ ನಿಂತದ್ದು ಅವನಿಗೆ ಇನ್ನೂ ಚುಚ್ಚುತ್ತಿತ್ತು.

“ಸಾಬಗ ಏನ್ ಕೇಳ್ತೀರಿ, ಕಣ್ಣಿಂದ ನೋಡ್ರಿ ಸಾಹೇಬ್ರ. ಅಂವ ಬಿಗಿ ಮಾಡಿದ್ದಕ್ಕ ಹಳದಿ ಗೆರಿ ಇರತೈತಿ. ಗೆರಿ ಮುರದಿತ್ತಂದ್ರ ಬ್ಯಾರೆದವರು ಬಿಚ್ಚ್ಯಾರಂತನ ತಿಳೀರಿ. ಈ ಸಲಾನೂ ಅವನ ಮ್ಯಾಲ ಹಾಕಿದ್ರ ನಾ ಬಿಡಂಗಿಲ್ಲ.” ಅಂದು, ತಾನೇ ತಾಡಪತ್ರಿ ಎಳೆದ.

ಮಗ್ಗುಲಾಗಿದ್ದ ಕಾರಿನ ಹೊಟ್ಟೆಯ ಮೇಲೆ ಹನ್ನೊಂದರ ಬಿಸಿಲು ಬಿತ್ತು. ಹಿಂದಿನ ರಾಡಿನ ಒಂದನೇ ತೂತಿನ ಹತ್ತಿರ ಅರ್ಧ ಗೆರೆ ಒಂಟಿಯಾಗಿ ಉಳಿದಿತ್ತು, ಅವನು ಲೆಕ್ಕ ಹಾಕಿದಂತೆಯೇ. ಮೂರನೇ ತೂತಿನಲ್ಲಿ, ನಟ್ಟಿನಿಂದ ಕಬ್ಬಿಣದ ತನಕ, ಸೀರೆಯ ಅಂಚಿನ ಎಳೆಯಂತೆ ನೆಟ್ಟಗೆ, ಹೊಸದೊಂದು ಹಳದಿ ಗೆರೆ. ಎಡಗಡೆ ಒಂದು, ಬಲಗಡೆ ಒಂದು. ಎರಡೂ ಮುರಿದಿರಲಿಲ್ಲ. ಕೈ ಯಾವಾಗ ಕಿಸೆಗೆ ಹೋಗಿತ್ತೋ ಅವನಿಗೆ ನೆನಪೇ ಇರಲಿಲ್ಲ. ಈಗಲೂ ಹೋಯಿತು. ಜುಮ್ಮಾದ ಬಿಳಿ ಅಂಗಿಯ ಕಿಸೆಯಲ್ಲೂ ಡಬ್ಬಿ ಇತ್ತು. ಅಮಾತೆಪ್ಪ ತಾಡಪತ್ರಿಯ ತುದಿ ಹಿಡಿದುಕೊಂಡೇ ನಿಂತಿದ್ದ, ಮತ್ತೆ ಹೊದಿಸಲಿಕ್ಕೂ ಆಗದೆ, ಬಿಡಲಿಕ್ಕೂ ಆಗದೆ. ನಾಗಲಿಂಗ ಹೋದದ್ದು ಬುಧವಾರ. ಜಾಫರಸಾಬ ಪೊಲೀಸರ ಜೀಪು ಹತ್ತಿ ಹುನಗುಂದಕ್ಕೆ ಹೋದದ್ದು ಶುಕ್ರವಾರ, ಜುಮ್ಮಾದ ಬಾಂಗ್ ಆಗುವುದಕ್ಕೆ ಇನ್ನೂ ಹೊತ್ತಿತ್ತು.