ನೂರೈವತ್ತು ಗ್ರಾಂ ಮೀನಿಗೆ ತಕ್ಕ ರಾಡ್

“ಈ ರಾಡ್ ನಿಮಗೆ ಕೊಡೋದಿಲ್ಲ!”

ಪ್ರಣೀತಾ ಅಂದ ರಭಸಕ್ಕೆ ಗಿರಾಕಿ ಬೆಚ್ಚಿಬಿದ್ದ.

ಠಾಣೆ ರೈಲ್ವೆ ಸ್ಟೇಷನ್ ಹತ್ತಿರ ಮೀನು ಹಿಡಿಯುವ ಗಾಳ, ರಾಡ್ ಮಾರುವ ಆ ಅಂಗಡಿ ಉಡುಪಿಯಿಂದ ಬಂದ ಅವಳ ಅಪ್ಪ ಜಯಶೀಲರದು. ಮಂಡಿನೋವಿನಿಂದ ಅವರು ಮನೆ ಹಿಡಿದ ಮೇಲೆ ಅವಳೇ ನೋಡಿಕೊಳ್ಳುತ್ತಿದ್ದಳು.

ಗಿರಾಕಿ ಶಿವರಾಜ ವಿಜಯಪುರದವನು, ಭಿವಂಡಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ಅವನ ಕೈಯಲ್ಲಿ ಗೇಣುದ್ದದ ಸ್ವಿಮ್‌ಬೇಟ್ ಇತ್ತು. ನೀರಲ್ಲಿ ಎಳೆದರೆ ಬಾಲ ಬಳುಕಿಸಿ ಈಜುವ ರಬ್ಬರ್ ಮೀನು.

“ಯಾಕ್ರೀ ಮೇಡಂ? ರೊಕ್ಕ ಕೊಡ್ತೀನಲ್ಲ!”

“ನಿಮ್ಮ ಮೀನು ನೂರೈವತ್ತು ಗ್ರಾಂ ಉಂಟು ಮಾರಾಯ್ರೇ. ಈ ರಾಡ್ ತಡೆಯೋದು ಅರವತ್ತು. ಜೋರಾಗಿ ಬೀಸಿದ್ರೆ ತುಂಡಾಗಿ ಹುಕ್ಕು ನಿಮ್ಮ ಕಣ್ಣಿಗೇ ಬರ್ತದೆ!”

ಅವನು ನಕ್ಕುಬಿಟ್ಟ. “ಹಂಗಾರ ನೀವೇ ಕಲಿಸ್ರಿ.”

ಆಮೇಲೆ ಪ್ರತಿ ಶನಿವಾರ ಬಂದ. ಹಿಡಿಯ ಮೇಲಿನ ಪುಟ್ಟ ಅಕ್ಷರಗಳಲ್ಲಿ ರಾಡ್ ಎಷ್ಟು ತೂಕ ತಡೆಯುತ್ತದೆ ಎಂದು ಓದುವುದನ್ನು ಕಲಿಸಿದಳು. ಭಾರದ ಮೀನು ಎಸೆಯಲು ಎರಡು ಕೈಗೂ ಸಾಲುವ ಉದ್ದ ಹಿಡಿ ಬೇಕು, ರಾಡ್ ನಿಧಾನವಾಗಿ ಬಾಗಬೇಕು ಎಂದಳು. ಅವನೊಂದು ಎಂಟಡಿಯ ಗಟ್ಟಿ ರಾಡ್ ಕೊಂಡ. ಆದರೂ ಬರುವುದು ನಿಲ್ಲಿಸಲಿಲ್ಲ!

‘ನನಗೋಸ್ಕರವೇ ಬರ್ತಾನಾ…?’ ಅವಳ ಎದೆ ಬೆಚ್ಚಗಾಗುತ್ತಿತ್ತು.

ಒಂದು ಶನಿವಾರ ಅವನು ತಡವರಿಸುತ್ತ ಕೇಳಿದ. “ಇಂಥಾ ಮೀನಿಗೇ ಇನ್ನೊಂದು ರಾಡ್ ಬೇಕಿತ್ರಿ. ಹೆಣ್ಮಕ್ಕಳು ಹಿಡಿಯೋ ಅಂಥಾದ್ದು. ನಾಳೆ ಮುಂಜಾನೆ ಸೀವುಡ್ಸ್ ಖಾಡಿ ಹಿನ್ನೀರಿನ ಕಡೆ ಹೊಂಟೀನಿ.”

ಹೆಣ್ಮಕ್ಕಳು! ಯಾರವಳು…?

ಪ್ರಣೀತಾ ಕೈಗೆ ಸಿಕ್ಕ ರಾಡ್ ಇಳಿಸಿ ಕೊಟ್ಟಳು. “ಇನ್ನೇನಾದ್ರೂ ಬೇಕಾ? ನಂಗೆ ಕೆಲಸ ಉಂಟು.”

ಅವನು ಮುಖ ಸಣ್ಣದು ಮಾಡಿಕೊಂಡು ಹೋದ.

ಸಂಜೆ ಶಟರ್ ಎಳೆಯುವಾಗ ಸ್ಟ್ಯಾಂಡಿನ ಖಾಲಿ ಜಾಗ ಅವಳ ಕಣ್ಣಿಗೆ ಬಿತ್ತು. ಕೊಟ್ಟದ್ದು ಅರವತ್ತು ಗ್ರಾಮಿನ ರಾಡ್!

ಐದು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಬೆಳಿಗ್ಗೆ ಮೊದಲ ಪನವೇಲ್ ಲೋಕಲ್ ರೈಲು ಹಿಡಿದಳು. ‘ದೇವರೇ, ಅವನ ಕಣ್ಣಿಗೇನೂ ಆಗದಿರಲಿ… ಅವನು ಯಾರನ್ನಾದರೂ ಮದುವೆಯಾಗಲಿ!’

ಸೀವುಡ್ಸ್‌ನಲ್ಲಿಳಿದು ಖಾಡಿಯ ದಂಡೆಗೆ ಓಡಿದಳು. ಶಿವರಾಜ ಆ ರಾಡ್ ಎತ್ತಿ ನಿಂತಿದ್ದ.

“ಬೀಸಬೇಡಿ!”

ಅವನು ಗಾಬರಿಯಾಗಿ ಕೆಳಗಿಟ್ಟ. ರಾಡಿಗೆ ದಾರವೇ ಕಟ್ಟಿರಲಿಲ್ಲ.

“ತಪ್ಪು ರಾಡ್ ಕೊಟ್ಟೆ…” ಏದುಸಿರು ಬಿಡುತ್ತಾ ಅಲ್ಲೇ ಕಲ್ಲಿನ ಮೇಲೆ ಕುಸಿದಳು.

“ಗೊತ್ರೀ. ಅರವತ್ತು ಅಂತ ಬರದೈತಿ. ಓದಾಕ ನೀವೇ ಕಲಿಸೀರಲ್ಲ. ಸುಮ್ನ ಎತ್ತಿ ನೋಡಾಕತ್ತಿದ್ದೆ.”

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವನ ಕಣ್ಣೆರಡೂ ನೆಟ್ಟಗಿದ್ದವು, ಅವಳನ್ನೇ ನೋಡುತ್ತಿದ್ದವು! ಕಣ್ಣೊರೆಸಿಕೊಂಡು ಕೇಳಿದಳು, “ಅವರೆಲ್ಲಿ? ಈ ರಾಡ್ ಯಾರಿಗೆ ಅಂತ ತಗೊಂಡ್ರೋ ಅವರು?”

“ಇಲ್ಲೇ ಕುಂತಾರ.”

“…ಎಲ್ಲಿ?”

“ಕಲ್ಲಿನ ಮ್ಯಾಲ. ಅಂಗಡಿ ತುಂಬಾ ರಾಡ್ ಅದಾವು, ನಿಮಗಂತ ಒಂದೂ ಇಲ್ಲ. ನನ್ನ ಜೊತೀ ಬರ್ತೀರೇನು ಅಂತ ಕೇಳಾಕ ಬಂದಿದ್ದೆ. ನಿಮ್ಮ ಮುಖ ನೋಡಿ ಬಾಯೇ ಬರಲಿಲ್ಲ.”

“ಮತ್ತೆ ಫೋನ್ ಯಾಕೆ ಎತ್ತಲಿಲ್ಲ?”

“ಇನ್ನ ಬರಬ್ಯಾಡ ಅಂತೀರೇನೋ ಅಂತ ಅಂಜಿದೆ.”

“ಬರಬೇಡ ಅನ್ನೋಕೆ ಯಾರಾದ್ರೂ ಇಷ್ಟು ದೂರ ಓಡಿ ಬರ್ತಾರಾ, ಶಿವರಾಜ್?”

ಅವನು ಮೆಲ್ಲಗೆ ಅವಳ ಪಕ್ಕ ಕುಳಿತ. “ಮತ್ತ ಯಾಕ ಬಂದ್ರಿ?”

“ನೀವು ಬೇಕು ಅಂತ…” ಎಂದಳು ಪ್ರಣೀತಾ, ಅವನ ಕೈ ಹಿಡಿದು.