ಮಾವನ ಕಣ್ಣಿನ ನೊಣ

ಎಲ್ಲ ಕತೆಗಳಲ್ಲೂ ಇರುವ ಹಾಗೆ ಈ ಕತೆಯಲ್ಲೂ ಒಂದು ಊರಿತ್ತು. ಆ ಊರಲ್ಲಿ ಗಂಟೆ ಎರಕ ಹೊಯ್ಯುವ ಒಬ್ಬ ಮಾವ ಇದ್ದ. ಅವನ ಎಡಗಣ್ಣಿನೊಳಗೆ ಒಂದು ನೊಣ ಇತ್ತು.

ಅದು ನಿಜವಾದ ನೊಣ ಅಲ್ಲ ಎಂದು ಮೊದಲು ಗೊತ್ತಾಗಿದ್ದು ಅವನ ಅಕ್ಕನ ಮಗಳಿಗೆ. ಕಂಡದ್ದಕ್ಕೆಲ್ಲ ‘ಯಾಕೆ?’ ಎನ್ನುತ್ತಿದ್ದ ಅವಳನ್ನು ಮನೆಯವರು ಯಾಕಮ್ಮ ಎಂದೇ ಕರೆಯುತ್ತಿದ್ದರು. ಅವತ್ತು ಶಾಲೆಯಿಂದ ಬಂದವಳು ಬ್ಯಾಗ್ ಕೂಡ ಇಳಿಸದೆ ಹಿತ್ತಲಿನ ವರ್ಕ್‌ಶಾಪಿಗೆ ನುಗ್ಗಿದಾಗ ಮಾವ ಗಾಳಿಯಲ್ಲಿ ಕೈ ಬೀಸುತ್ತ ಕೂತಿದ್ದ.

“ಆ ನೊಣ ಒಂಚೂರು ಓಡ್ಸೇ. ಕೆಲಸ ಮಾಡಕ್ಕೇ ಬಿಡ್ತಿಲ್ಲ.”

“ಯಾವ ನೊಣ ಮಾವ?”

“ಇಗೋ, ನಿನ್ನ ಮೂಗಿನ ಮೇಲೇ ಕೂತಿದೆಯಲ್ಲ.”

ಯಾಕಮ್ಮ ಮೂಗು ಮುಟ್ಟಿ ನೋಡಿಕೊಂಡಳು. ಏನೂ ಇರಲಿಲ್ಲ. ಮಾವ ಗೋಡೆ ನೋಡಿದರೆ ನೊಣ ಗೋಡೆಗೆ ಹೋಯಿತು. ಸೂರು ನೋಡಿದರೆ ಸೂರಿಗೆ ಹಾರಿತು. ಎಡಗಣ್ಣು ಮುಚ್ಚು ಎಂದಳು ಯಾಕಮ್ಮ. ಮುಚ್ಚಿದ. ನೊಣ ಮಾಯವಾಯಿತು.

ಮಾವನ ಮುಖ ಸಪ್ಪಗಾಯಿತು.

ಅದಕ್ಕೂ ಮೊದಲೇ ಅವನ ಮೈ ಸರಿಯಿರಲಿಲ್ಲ. ಸಣ್ಣಗೆ ಜ್ವರ ಬಂದು ಹೋಗಿತ್ತು. ಬಟ್ಟೆಯನ್ನು ಒಗೆದು ಹಿಂಡಿಟ್ಟ ಹಾಗೆ ತೋಳು, ತೊಡೆ, ಬೆನ್ನು ಎಲ್ಲ ನೋಯುತ್ತಿದ್ದವು. ಮರಳು ತುಂಬಿದ ಅಚ್ಚಿನ ಪೆಟ್ಟಿಗೆಯನ್ನು ಒಂದೇ ಸಲಕ್ಕೆ ಎತ್ತುತ್ತಿದ್ದವನು ಈಗ ನೀರಿನ ಚೊಂಬು ಎತ್ತುವಾಗಲೂ ಮುಲುಗುತ್ತಿದ್ದ. ವಯಸ್ಸಾಯಿತು ನಿನಗೆ ಎಂದು ಅಜ್ಜಿ ರೇಗಿಸುತ್ತಿದ್ದಳು. ಮಾವನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ಈಗ ಅದು ಬರೀ ರೇಗಿಸುವ ಮಾತಾಗಿ ಉಳಿಯಲಿಲ್ಲ. ಶಾಲೆಯ ಗಂಟೆ ಬಿರುಕು ಬಿಟ್ಟು, ಬಾರಿಸಿದರೆ ತೂತು ಬಕೆಟ್ಟನ್ನು ಬಡಿದ ಹಾಗೆ ಕೇಳುತ್ತಿತ್ತು. ಹೊಸದು ನಾನು ಮಾಡಿಕೊಡುತ್ತೇನೆ ಎಂದು ಮಾವ ಹೆಡ್‌ಮಿಸ್‌ಗೆ ಮಾತು ಕೊಟ್ಟುಬಿಟ್ಟಿದ್ದ. ಕೆಂಡದಂತೆ ಕಾದು ಕರಗಿದ ಕಂಚನ್ನು ಅಚ್ಚಿನ ಸಣ್ಣ ಬಾಯಿಗೆ ಸುರಿಯಬೇಕು. ಕಣ್ಣಲ್ಲಿ ನೊಣ ಇಟ್ಟುಕೊಂಡು ಸುರಿಯುವುದು ಹೇಗೆ?

ಅಜ್ಜಿ ಮಾವನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು, ಯಾಕಮ್ಮನೂ ಜೊತೆಗೆ ಹೋದಳು. ಡಾಕ್ಟರ್ ಡ್ರಾಪ್ಸ್ ಹಾಕಿ, ಕತ್ತಲ ಕೋಣೆಯಲ್ಲಿ ಕೂರಿಸಿ, ಲೈಟ್ ಬಿಟ್ಟು ನೋಡಿದರು. ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ಗಾಯ ಆಗಿದೆ, ಮಾಡಿದ್ದು ಟಾಕ್ಸೋಪ್ಲಾಸ್ಮಾ ಎಂಬ ಜೀವಿ ಎಂದರು.

ಯಾಕಮ್ಮನಿಗೆ ಆ ಹೆಸರು ಭಾರಿ ಹಿಡಿಸಿತು. ಅಜ್ಜಿಯ ಕತೆಯ ರಾಕ್ಷಸನಿಗೆ ಇಡಬಹುದಾದ ಹೆಸರು. ಎಷ್ಟು ದೊಡ್ಡದು ಎಂದು ಕೇಳಿದಳು. ಸೂಜಿಮೊನೆಯ ಮೇಲೆ ಇಂಥವು ನಿಮ್ಮ ಕ್ಲಾಸಿನ ಮಕ್ಕಳಷ್ಟು ಕೂರಬಹುದು ಎಂದರು ಡಾಕ್ಟರ್. ಅದು ಬಾಯಿಂದ ಒಳಗೆ ಹೋಗಿ, ರಕ್ತದಲ್ಲಿ ಓಡಾಡಿ, ಸ್ನಾಯುಗಳಲ್ಲಿ ಮನೆ ಮಾಡಿಕೊಂಡು ಮಲಗುತ್ತದಂತೆ. ತುಂಬ ಜನರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ. ಕೆಲವರಿಗೆ ಮಾತ್ರ ಕಣ್ಣಿಗೆ ತೊಂದರೆ ಕೊಡುತ್ತದೆ.

“ಮಾತ್ರೆ ಕೊಡ್ತೀನಿ, ಗಾಯ ಮಾಯುತ್ತೆ. ಆದ್ರೆ ಕಲೆ ಉಳೀಬಹುದು,” ಎಂದರು ಡಾಕ್ಟರ್. “ಅದು ಯಾವ ದಾರೀಲಿ ಬಂತು ಅಂತ ಹುಡುಕಿ. ಮನೇಲಿ ಇನ್ನೊಬ್ರಿಗೆ ಬರಬಾರದಲ್ಲ?”

ಬೇಯದ ಮಾಂಸವೇ ಎಂದು ಅವರೇ ಕೇಳಿದರು. ಅಜ್ಜಿ ಅಡ್ಡಡ್ಡ ತಲೆಯಾಡಿಸಿದಳು. ತೊಳೆಯದ ಸೊಪ್ಪೇ? ಅಜ್ಜಿಗೆ ಸಿಟ್ಟೇ ಬಂತು. ಬೆಕ್ಕಿದೆಯೇ? ಈ ಸಲ ಯಾಕಮ್ಮ ಅಜ್ಜಿಯ ಬೆನ್ನ ಹಿಂದೆ ಸರಿದಳು. ಬೂದಿ ಎಂಬ ಮರಿ ಬೆಕ್ಕನ್ನು ಮನೆಗೆ ತಂದವಳೇ ಅವಳು.

ಬೆಕ್ಕನ್ನು ಮುದ್ದು ಮಾಡಿದರೆ ಇದು ಬರುವುದು ಕಡಿಮೆ ಎಂದರು ಡಾಕ್ಟರ್. ರೋಗ ತಗುಲಿದ ಮರಿಯ ಕಕ್ಕದಲ್ಲಿ ಕೆಲವು ವಾರ ಮಾತ್ರ ಇದು ಹೊರಗೆ ಬರುತ್ತದೆ. ಆದರೆ ತೇವದ ಮಣ್ಣಿನಲ್ಲಿ ಬೀಜದ ಹಾಗೆ ತಿಂಗಳುಗಟ್ಟಲೆ ಕಾಯುತ್ತದೆ.

ಮನೆಗೆ ಬಂದ ಅಜ್ಜಿ ಯೋಚಿಸಿದಳು. ಎಲ್ಲರೂ ಉಣ್ಣುವುದು ಒಂದೇ ಪಾತ್ರೆಯಿಂದ. ಇವನೊಬ್ಬನಿಗೇ ಬಂತೆಂದರೆ ವರ್ಕ್‌ಶಾಪಿನಲ್ಲೇ ಏನೋ ಇದೆ. ಏನೆಂದು ಗೊತ್ತಾಗುವವರೆಗೂ ಗಂಟೆಯೂ ಬೇಡ, ಗಿಂಟೆಯೂ ಬೇಡ ಎಂದು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಾವ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತ. ಶಾಲೆಯಲ್ಲಿ ಮಕ್ಕಳು, ನಿಮ್ಮ ಮಾವ ಗಂಟೆ ಮಾಡ್ತಾರೋ ಗಡಿಯಾರ ನೋಡ್ತಾ ಕೂತಿದ್ದಾರೋ ಎಂದು ಯಾಕಮ್ಮನನ್ನು ಕೆಣಕಿದರು.

ಯಾಕಮ್ಮ ಬೂದಿಯ ಹಿಂದೆ ಬಿದ್ದಳು. ಬೂದಿ ಹೋದಲ್ಲೆಲ್ಲ ಹೋದಳು. ಅದು ಗಿಡದ ಬುಡ ಮೂಸಿತು, ಬೇಡ ಎಂದುಕೊಂಡಿತು. ಕಾಂಪೌಂಡ್ ಹತ್ತಿ ಇಳಿಯಿತು. ಆಮೇಲೆ ವರ್ಕ್‌ಶಾಪಿನ ಕಿಟಕಿಯಿಂದ ಒಳಗೆ ಧುಮುಕಿತು.

ಯಾಕಮ್ಮ ಕಲ್ಲಿನ ಮೇಲೆ ನಿಂತು ಇಣುಕಿದಳು. ಮೂಲೆಯಲ್ಲಿ ಮಾವ ಗಂಟೆಯ ಅಚ್ಚಿಗೆ ಬಳಸುವ ಎರಕದ ಮರಳಿನ ರಾಶಿ ಇತ್ತು. ಜರಡಿ ಹಿಡಿದು, ನೀರು ಚಿಮುಕಿಸಿ ಹದ ಮಾಡಿದ ನುಣುಪು ಮರಳು. ಬೂದಿ ಅದರಲ್ಲಿ ಗುಂಡಿ ತೋಡಿ, ಗಂಭೀರವಾಗಿ ಕೂತು, ಕೆಲಸ ಮುಗಿಸಿ, ಯಾರಿಗೂ ಗೊತ್ತಾಗದಂತೆ ನೀಟಾಗಿ ಮುಚ್ಚಿತು.

ಹೇಳಿದರೆ ಅಜ್ಜಿ ಬೂದಿಯನ್ನು ಹೊರಗೆ ಹಾಕುತ್ತಾಳೆ. ಹೇಳದಿದ್ದರೆ ಬೀಗ ತೆಗೆಯುವುದಿಲ್ಲ. ಆದರೆ ಮಾವ ಮರಳು ತಿನ್ನುವುದಿಲ್ಲವಲ್ಲ? ಮರಳು ಬಾಯಿಗೆ ಹೋದದ್ದು ಹೇಗೆ?

ಅವಳು ಮಾವನ ಮುಂದೆ ಹೋಗಿ ಕೂತಳು. ಅಚ್ಚು ಹೇಗೆ ಮಾಡುತ್ತೀ, ಆಕ್ಟಿಂಗ್ ಮಾಡಿ ತೋರಿಸು ಎಂದಳು. ಮಾವನಿಗೂ ಕೂತು ಕೂತು ಬೇಸರವಾಗಿತ್ತು. ಎರಡು ದಿಂಬುಗಳು ಪೆಟ್ಟಿಗೆಯಾದವು. ಮರಳು ಸವರುವ ಪುಟ್ಟ ಕರಣೆಯ ಬದಲು ಯಾಕಮ್ಮ ಒಂದು ಸ್ಪೂನ್ ಕೊಟ್ಟಳು.

ಮಾವ ಇಲ್ಲದ ಮರಳನ್ನು ತುಂಬಿ ಗುದ್ದಿದ. ಸ್ಪೂನಿನಿಂದ ಅಂಚು ಸವರಿದ. ಇನ್ನು ಮೇಲಿನ ಪೆಟ್ಟಿಗೆಯನ್ನು ಎತ್ತಬೇಕು, ಅದಕ್ಕೆ ಎರಡೂ ಕೈ ಬೇಕು. ಸ್ಪೂನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದಿಂಬು ಎತ್ತಿದ.

ಯಾಕಮ್ಮ ಅವನ ಬಾಯನ್ನೇ ನೋಡುತ್ತಿದ್ದಳು. ಸ್ಪೂನ್ ಕಚ್ಚಿಕೊಂಡೇ ಅವನು ‘ಏನೇ?’ ಎಂದ. ಆಮೇಲೆ ತನಗೇ ತಿಳಿದು, ಅದನ್ನು ಮೆಲ್ಲಗೆ ಬಾಯಿಂದ ತೆಗೆದು ನೋಡಿದ.

“ನಮ್ಮಪ್ಪನೂ ಹೀಗೇ ಕಚ್ಕೋತಿದ್ದ ಕಣೇ,” ಎಂದ.

ಅವರಪ್ಪನ ಕಾಲದಲ್ಲಿ ಮನೆಯಲ್ಲಿ ಬೆಕ್ಕಿರಲಿಲ್ಲ. ಯಾಕಮ್ಮ ಕಿಟಕಿಯಲ್ಲಿ ಕಂಡದ್ದನ್ನು ಹೇಳಿದಳು. ಬಾಗಿಲಲ್ಲಿ ಅಜ್ಜಿ ನಿಂತಿರುವುದು ಆಮೇಲೆ ಗೊತ್ತಾಯಿತು. ಯಾಕಮ್ಮ ಬೂದಿಯನ್ನು ಎತ್ತಿ ಅವುಚಿಕೊಂಡಳು.

“ಬೂದೀನ ಕಳಿಸಿಬಿಡ್ತೀಯಾ ಅಜ್ಜಿ?”

ಅಜ್ಜಿ ಬೆಕ್ಕನ್ನು ನೋಡಿದಳು, ಮಗನನ್ನು ನೋಡಿದಳು. “ಅದಕ್ಕೇನು ಗೊತ್ತು, ಮೂಕ ಪ್ರಾಣಿ. ಮೆತ್ತಗಿರೋ ಕಡೆ ಹೋಯ್ತು. ಇಷ್ಟುದ್ದ ಬೆಳೆದೋನು ಮರಳಿಗೊಂದು ಮುಚ್ಚಳ ಇಡಬಾರದಿತ್ತಾ?” ಎನ್ನುತ್ತ ಸೊಂಟದಿಂದ ಕೀಲಿ ತೆಗೆದಳು.

ಹಳೆಯ ಮರಳನ್ನು ಗ್ಲೌಸ್ ಹಾಕಿಕೊಂಡು ಚೀಲಕ್ಕೆ ತುಂಬಿ ದೂರ ಸಾಗಿಸಿದ್ದಾಯಿತು. ಹೊಸ ಮರಳು ಮುಚ್ಚಳದ ಡ್ರಮ್ಮಿಗೆ ಬಂತು. ಕಿಟಕಿಗೆ ಜಾಲರಿ ಬಿತ್ತು. ಬೂದಿಗೊಂದು ಬೇರೆ ಮರಳಿನ ಟ್ರೇ ಆಯಿತು. ಕರಣೆ ತೂಗುಹಾಕಲು ಮಾವ ಗೋಡೆಗೊಂದು ಮೊಳೆ ಹೊಡೆದ. ಆದರೂ ಆಗಾಗ ಅವನ ಕೈ ಬಾಯಿಯ ಹತ್ತಿರ ಹೋಗಿ, ಅರ್ಧದಲ್ಲಿ ನಿಂತು, ನಾಚಿಕೊಂಡು ಮೊಳೆಯ ಕಡೆ ತಿರುಗುತ್ತಿತ್ತು.

ವಾರಗಟ್ಟಲೆ ಮಾತ್ರೆ ನುಂಗಿದ ಮೇಲೆ ತೋಳಿನ ನೋವು ಇಳಿಯಿತು. ನೊಣವೂ ಸೊರಗಿ ಎಳ್ಳಿನಷ್ಟಾಯಿತು. ಅಲ್ಲಿಂದಾಚೆ ಸೊರಗಲಿಲ್ಲ. ಇನ್ನು ಅದು ಇರುವುದೇ ಎಂದರು ಡಾಕ್ಟರ್. ಮಾವ ಬರೀ ನೀರು ತುಂಬಿಕೊಂಡು ಅಚ್ಚಿನ ಬಾಯಿಗೆ ಸುರಿದು ಸುರಿದು ಅಭ್ಯಾಸ ಮಾಡಿದ. ಮೊದಮೊದಲು ನೀರೆಲ್ಲ ಕಾಲ ಮೇಲೆ ಬಿತ್ತು. ಕೊನೆಗೊಂದು ಬೆಳಿಗ್ಗೆ ಕಂಚು ಸುರಿದ. ಒಂದು ಹನಿಯೂ ಆಚೆ ಬೀಳಲಿಲ್ಲ.

ಗಂಟೆ ಶಾಲೆಗೆ ಬಂತು. ಮೊದಲ ಸಲ ನೀವೇ ಬಾರಿಸಿ ಎಂದರು ಹೆಡ್‌ಮಿಸ್. ಮಕ್ಕಳೆಲ್ಲ ಸಾಲಾಗಿ ನಿಂತರು. ಮಾವ ಹಗ್ಗಕ್ಕೆ ಕೈ ಚಾಚಿದ. ಕೈ ಹಗ್ಗದ ಪಕ್ಕದ ಗಾಳಿಯನ್ನು ಹಿಡಿಯಿತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಯಾಕಮ್ಮನಿಗೆ ನಗು ಬರಲಿಲ್ಲ. ನೊಣ ಈಗ ಹಗ್ಗದ ಮೇಲೇ ಕೂತಿದೆ ಎಂದು ಆ ಅಂಗಳದಲ್ಲಿ ಗೊತ್ತಿದ್ದುದು ಇಬ್ಬರಿಗೆ ಮಾತ್ರ.

ಮಾವ ಅವಸರ ಮಾಡಲಿಲ್ಲ. ಹಕ್ಕಿಯೊಂದು ನೋಡುವ ಹಾಗೆ ಮುಖವನ್ನು ಸ್ವಲ್ಪ ವಾಲಿಸಿದ. ಯಾಕಮ್ಮನೂ ನಿಂತಲ್ಲೇ ತಲೆ ವಾಲಿಸಿ, ಎಡಗಣ್ಣು ಮುಚ್ಚಿದಳು. ಹೌದು, ಹಗ್ಗ ಅಲ್ಲೇ ಇತ್ತು.

ಮಾವ ಅದನ್ನು ಹಿಡಿದು ಎಳೆದ. ಢಣ್ ಎಂದಿತು ಗಂಟೆ.