ಕೆಳಗಿನ ಖಾಲಿ ಸಾಲು

"ಆ ಬಟ್ಟಿ ಮುಂದ ಯಾರನ್ನೂ ಹೆಸರು ಹಿಡದು ಕರೀಬ್ಯಾಡ್ರಿ," ಎಂದರು ಪ್ರಿಸಿಲ್ಲಾ ಟೀಚರ್.

ರಾಯಾಪುರದಾಚೆಯ ಹಳೆಯ ಮಿಷನ್ ಅನಾಥಾಲಯದಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು ಅವರು. ಪ್ರೇಮ್ ಮೈಸೂರಿನವನು, ನಾಳಿನ ಪ್ರದರ್ಶನಕ್ಕೆ ಅಲ್ಲಿನ ಮಕ್ಕಳ ಹಳೆಯ ಕಸೂತಿಗಳಿಗೆ ಚೌಕಟ್ಟು ಹಾಕಲು ಬಂದಿದ್ದ. ಉಳಿದದ್ದು ಇದೊಂದೇ: ಮಾಸಿದ ಬಿಳಿ ಬಟ್ಟೆ, ಕೆಂಪು ದಾರದ ಅಕ್ಷರಮಾಲೆ, ಕೆಳಗೊಂದು ಖಾಲಿ ಸಾಲು, ಅದರ ತುದಿಗೆ ಚುಚ್ಚಿಟ್ಟ ತುಕ್ಕುಸೂಜಿ.

"ಮನಿ ಮಂದಿ ಬಂದು ಕರದಾಗಷ್ಟ ಹುಡುಗಿ ಕೆಳಗ ತನ್ನ ಹೆಸರು ಹೊಲೀತಿದ್ಲು. ಹೊಲದು ಹೋಗ್ತಿದ್ಲು. ಇದನ್ನ ಹೊಲದಾಕಿನ್ನ ಕರೀಲಿಕ್ಕೆ ಯಾರೂ ಬರ್ಲಿಲ್ಲ. ಇಲ್ಲೆ ತೀರಿಕೊಂಡ್ಲು. ಈಗ ಯಾವ ಹೆಸರು ಕೇಳಿದ್ರೂ ತನ್ನದ ಅಂತ ತಿಳೀತಾಳ."

"ಹಾಗಾದ್ರೆ ಆಧಾರ್ ಮಾಡಿಸೋದು ಕಷ್ಟ ಬಿಡಿ," ಎಂದ ಪ್ರೇಮ್.

ಟೀಚರ್ ನಗಲಿಲ್ಲ. ಹೊರಟುಹೋದರು.

ಚೌಕಟ್ಟು ಕೂರಲಿಲ್ಲ. ಸೂಜಿ ಗಾಜಿಗೆ ಅಡ್ಡ. ಎಳೆದರೆ ಬಾರದು, ಬಗ್ಗಿಸಿದರೆ ಬಗ್ಗದು. ಇಕ್ಕಳ ಜಾರಿತು. ಮತ್ತೆ ಹಿಡಿದರೆ ಮತ್ತೆ ಜಾರಿತು. ಕರೆಂಟ್ ಹೋಯಿತು. ಕಿಟಕಿ ಮುಚ್ಚಿದ ಕೋಣೆಯ ನುಸಿಗುಳಿಗೆ ವಾಸನೆ ಗಂಟಲಿಗೆ ಹತ್ತಿತು. ಮೈಸೂರು ಬಿಟ್ಟು ಮೊದಲ ಸಲ ಹೊರಗೆ ಬಂದ ಮಗಳು ಸೆಲಿನಾಳದು ಬಾಗಿಲಲ್ಲಿ ಒಂದೇ ರಾಗ: "ಅಪ್ಪಾ, ಬೋರಾಗ್ತಿದೆ. ಹೋಗೋಣ."

ರೇಗಿದಾಗ ಅಣಕಿಸುವುದು ಅವನ ಚಟ. ಟೀಚರರ ನಡುಗುವ ದನಿಯನ್ನೇ ತೆಗೆದ: "ಬಾರವಾ ಸೆಲಿನಾ, ನಿಮ್ಮಪ್ಪ ಬಂದಾನ. ಕರಕೊಂಡು ಹೋಗ್ತಾನಂತ."

ಸೆಲಿನಾ ಕಿಲಕಿಲ ನಕ್ಕಳು. ನಗು ನಡುವೆಯೇ ತುಂಡಾಯಿತು.

ಸರ್ರ್.

ಬಟ್ಟೆಯಲ್ಲಿ ದಾರ ಎಳೆದ ಸದ್ದು. ಬಟ್ಟೆಗೆ ಹಾಕುವ ಹಸಿ ಗಂಜಿಯ ವಾಸನೆ. ಪ್ರೇಮ್ ಮೊಬೈಲಿನ ಬೆಳಕು ಹಿಡಿದ. ಸೂಜಿ ಏಳುತ್ತಿತ್ತು, ಮುಳುಗುತ್ತಿತ್ತು. ಖಾಲಿ ಸಾಲಿನಲ್ಲಿ ಕೆಂಪಗೆ: ಸೆ. ಸೂಜಿ ಹಿಡಿದ. ಬೆರಳು ಸೀಳಿತು. ಲಿ. ದಾರ ಕಚ್ಚಿದ. ಹರಿಯಲಿಲ್ಲ. ಕತ್ತರಿ ಹಾಕಿದ. ಹರಿಯಲಿಲ್ಲ. ನಾ.

ಸೂಜಿ ಟಣ್ಣನೆ ನೆಲಕ್ಕೆ ಬಿತ್ತು. ಅಷ್ಟು ಎಳೆದರೂ ಬಾರದ್ದು, ತಾನಾಗಿ.

ಬಾಗಿಲಲ್ಲಿ ಸೆಲಿನಾ ನಿಂತೇ ಇದ್ದಳು. ಅದೇ ಹಳದಿ ಫ್ರಾಕು, ಅದೇ ಜಡೆ. ಓಡಿ ತಬ್ಬಿಕೊಂಡ. ಹೋದ ಉಸಿರು ಬಂತು. ಉಸಿರಿನ ಜೊತೆ ಅವಳ ಕೂದಲಿನ ಗಂಜಿ ವಾಸನೆಯೂ ಬಂತು. ಪುಟ್ಟ ಕೈ ಅವನ ಕೈಯನ್ನು ಬಿಗಿಯಾಗಿ ಹಿಡಿಯಿತು; ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಚುಚ್ಚಿ ಗಡುಸಾಗಿದ್ದವು.

"ನಡಿಯಪಾ, ಹೋಗೂಣು," ಎಂದಳು. "ಎಷ್ಟ ಹಾದಿ ನೋಡಿದ್ನಿ ನಿಂದು."

ಹಿಂದೆ, ಮೇಜಿನ ಮೇಲಿದ್ದ ಬಟ್ಟೆಯೊಳಗಿಂದ, ಸಣ್ಣಗೆ:

"ಅಪ್ಪಾ, ಹೋಗೋಣ."